ನಗುವ ಗಗನಭಟನೂ ಕಂಪ್ಲಿಯ ಕಾಗೆಯೂ

ಸಾವಿನ ಮನೆಗೆ ಹೋದಾಗ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಿಳಿ ಅಂಗಿ ಹಾಕಬೇಕು. ದನಿ ತಗ್ಗಿಸಬೇಕು. ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನಬಾರದು. ಇಷ್ಟೂ ನನಗೆ ಬಾಯಿಪಾಠ. ಆದ್ದರಿಂದಲೇ ಗೆಳೆಯ ಗುರುರಾಜನ ಹತ್ತನೇ ದಿನದ ಕರ್ಮಕ್ಕೆಂದು ಹೊಸಪೇಟೆಯಿಂದ ಕಂಪ್ಲಿಗೆ ಹೊರಟ ಆ ಬೆಳಿಗ್ಗೆ ನಾನು ಪೂರ್ಣ ಆತ್ಮವಿಶ್ವಾಸದಲ್ಲಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಇತ್ತು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ದುಃಖದ ಮುಖವಿತ್ತು. ಕೈಯಲ್ಲಿ ಒಂದು ದೊಡ್ಡ ಚೀಲ, ಅದರೊಳಗೆ ಒಡೆಯುವ ಸಾಮಾನಿಗೆ ಸುತ್ತುವ ಗುಳ್ಳೆ ಪ್ಲಾಸ್ಟಿಕ್ಕಿನ ಒಂದು ಸುರುಳಿಯೂ ಇತ್ತು.

ನನ್ನ ಹೆಂಡತಿ ವಿದ್ಯಾ ಬಾಗಿಲಲ್ಲೇ ತಡೆದಳು.

“ಏನ್ರಿ, ಕರ್ಮಕ್ಕ ಹೋಗಾಕ ಈ ಗುಳ್ಳಿ ಪ್ಲಾಸ್ಟಿಕ್ ಯಾಕ?”

“ಸುಮ್ನ ಇರ್ಲಿ ಅಂತ. ಯಾವುದಕ್ಕರ ಬೇಕಾಗ್ತದ.”

“ಯಾರನ್ನ ಸುತ್ತಾಕ? ಹೋದೋರನ್ನ ಆವಾಗಲೇ ಸುಟ್ಟು ಬಂದಾರ!”

ಕೇಳಿಸಲಿಲ್ಲವೆಂಬಂತೆ ಕಾರಿನ ಕೀಲಿ ಹುಡುಕಿದೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಕಲಿತ ಏಕೈಕ ವಿದ್ಯೆ ಅದು. ಅವಳು ನನ್ನ ಕೈಯಿಂದ ಚೀಲ ಕಿತ್ತುಕೊಂಡು, “ಕೊಡ್ರಿ ಇಲ್ಲಿ, ಸುಧಾಗ ಒಂದೀಟು ಹಣ್ಣು ಇಡ್ತೀನಿ” ಎಂದು ಒಳಗೆ ಹೋದಳು. ಸುಧಾ ಗುರುರಾಜನ ಹೆಂಡತಿ. ತಿರುಗಿ ಬಂದಾಗ ಚೀಲ ಉಬ್ಬಿತ್ತು. ನಾನೇ ಡಿಕ್ಕಿಯಲ್ಲಿಟ್ಟೆ. ಹಣ್ಣಿಗೆ ಇಷ್ಟು ಜಾಗ ಹೋದರೆ ವಾಪಸು ಬರುವಾಗ ಏನು ಮಾಡುವುದು ಎಂಬ ಚಿಂತೆ ಹತ್ತಿತು. ಗೆಳೆಯ ಸತ್ತಿದ್ದಕ್ಕಿಂತ ಆ ಚಿಂತೆಯೇ ದೊಡ್ಡದಾಗಿತ್ತು ಎಂದರೆ ನನ್ನ ಯೋಗ್ಯತೆ ನಿಮಗೆ ತಿಳಿದೀತು.

ವಿಷಯ ಏನೆಂದರೆ, ನಾವು ಚಿಕ್ಕವರಿದ್ದಾಗ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಗಗನಭಟ ಬರುತ್ತಿದ್ದ. ತಾಮ್ರದ ಛತ್ರಿ ಹಿಡಿದು ಆಕಾಶದಲ್ಲಿ ಹಾರುವ ವೀರ. ಎಷ್ಟು ದುಷ್ಟರನ್ನು ಸೋಲಿಸಿದರೂ ಒಂದು ಸಲವೂ ನಗುತ್ತಿರಲಿಲ್ಲ. ಕಂಪ್ಲಿಯ ಶಾಲೆಯಲ್ಲಿ ನಾನು, ಗುರುರಾಜ ಒಂದೇ ಬೆಂಚು. ಮನೆಯ ಛತ್ರಿ ಹಿಡಿದು ಕೋಟೆಯ ಮುರುಕು ಗೋಡೆಯಿಂದ ಹಾರಿದ್ದೂ ಒಟ್ಟಿಗೇ. ಅವನ ಕೈ ಮುರಿಯಿತು, ನನ್ನ ಛತ್ರಿ ಮುರಿಯಿತು. ನನಗೇ ಹೆಚ್ಚು ಏಟು ಬಿತ್ತು. ಮುಂದೆ ಅವನು ಕಂಪ್ಲಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ. ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರಾದೆ. ಇಬ್ಬರಿಗೂ ಹೊಟ್ಟೆ ಬಂತು, ಕನ್ನಡಕ ಬಂತು. ಅಲ್ಲಿಗೆ ಗಗನಭಟನ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ನಮ್ಮಂಥ ಹೊಟ್ಟೆ ಬಂದವರು ಊರೂರಿಗೆ ಇದ್ದಾರೆ, ಅವರ ಕೈಯಲ್ಲಿ ಸಂಬಳವೂ ಇದೆ ಎಂಬುದು ಯಾವುದೋ ಕಂಪನಿಗೆ ಗೊತ್ತಾಗಿಬಿಟ್ಟಿತು. ಗಗನಭಟನ ಗೊಂಬೆಗಳು ಬಂದವು. ‘ದೊಡ್ಡವರ ಸಂಗ್ರಹಕ್ಕೆ ಮಾತ್ರ’ ಎಂದು ಡಬ್ಬಿಯ ಮೇಲೆ ಬಂಗಾರದ ಅಕ್ಷರ. ಒಟ್ಟು ಹನ್ನೆರಡು ಗೊಂಬೆ. ಹನ್ನೆರಡೂ ಅವನೇ! ಹಾರುವ ಗಗನಭಟ. ಕುಳಿತ ಗಗನಭಟ. ಮಳೆಯಲ್ಲಿ ನೆನೆದ ಗಗನಭಟ. ಛತ್ರಿ ಮರೆತ ಗಗನಭಟ. ಬೆಲೆ ಎಷ್ಟೆಂದು ಇಲ್ಲಿ ಬರೆಯುವಂತಿಲ್ಲ, ಇದನ್ನು ವಿದ್ಯಾಳೂ ಓದುತ್ತಾಳೆ.

ನಮ್ಮ ಪಂಥಕ್ಕೆ ಒಂದೇ ಒಂದು ನಿಯಮ. ಡಬ್ಬಿಯ ಸೀಲು ಒಡೆಯಬಾರದು. ಒಡೆದರೆ ಅದು ಬರೀ ಗೊಂಬೆ, ಒಡೆಯದಿದ್ದರೆ ಸಂಗ್ರಹ. ಡಬ್ಬಿ ದಪ್ಪ ರಟ್ಟಿನದು. ಮೇಲೆ ಚಿತ್ರ ಇರುತ್ತದೆ, ಒಳಗಿರುವುದು ಕಾಣುವುದಿಲ್ಲ. ಕಾಣಬೇಕಾದ ಅಗತ್ಯವೂ ಇಲ್ಲ. ದಸರಾಕ್ಕೆ ವಿದ್ಯಾ ಕೂಡಿಸುತ್ತಿದ್ದ ಪಟ್ಟದ ಗೊಂಬೆಗಳನ್ನು ಅಟ್ಟಕ್ಕೆ ಹತ್ತಿಸಿ, ಆ ಗಾಜಿನ ಕಪಾಟಿನಲ್ಲಿ ನಾನು ಡಬ್ಬಿಗಳನ್ನು ಜೋಡಿಸಿದೆ. ಅದಿರು ಲಾರಿಗಳ ಕೆಂಪು ದೂಳು ಬರಬಾರದೆಂದು ಆ ಕೋಣೆಯ ಕಿಟಕಿಗೆ ಟೇಪು ಹಚ್ಚಿದೆ. ಮನೆಯವರು ದೂಳು ಕುಡಿದರೂ ಗಗನಭಟ ಕುಡಿಯಬಾರದು!

ವಿದ್ಯಾ ಒಮ್ಮೆ ಕೇಳಿದ್ದಳು. “ಅಲ್ರಿ, ಒಳಗ ಗೊಂಬಿ ಅದನೋ ಇಟ್ಟಿಗಿ ಅದನೋ, ಯಾರ ನೋಡ್ಯಾರ?”

“ನಂಬಿಕಿ ಅನ್ನೋದು ಒಂದು ಇರ್ತದ,” ಎಂದೆ ಗಂಭೀರವಾಗಿ.

“ಅಡ್ಡಿಯಿಲ್ಲ. ದೇವರ ಮ್ಯಾಲ ಇಲ್ಲದ್ದು ರಟ್ಟಿನ ಮ್ಯಾಲರ ಐತಲ್ಲ,” ಎಂದು ಒಳಗೆ ಹೋದಳು.

ಹನ್ನೆರಡರಲ್ಲಿ ಹತ್ತು ನಮ್ಮಿಬ್ಬರ ಬಳಿಯೂ ಇದ್ದವು. ಉಳಿದ ಎರಡು ಬಹಳ ಅಪರೂಪದವು. ಒಂದು, ಕೆನ್ನೆಗೆ ಗೀರು ಬಿದ್ದು ಹಣೆಗೆ ಪಟ್ಟಿ ಕಟ್ಟಿದ ಗಾಯದ ಗಗನಭಟ. ಇನ್ನೊಂದು, ಧಾರಾವಾಹಿಯಲ್ಲಿ ಎಂದೂ ಕಾಣದ ನಗುವ ಗಗನಭಟ. ಇವೆರಡೂ ಮಾರಾಟಕ್ಕೆ ಬಂದ ದಿನ ನಾನಿಲ್ಲಿ, ಅವನಲ್ಲಿ ಫೋನು ಹಿಡಿದು ಕೂತೆವು. ನಗುವುದರ ಮೇಲೆ ನನ್ನ ಹೆಬ್ಬೆರಳು ಅವನಿಗಿಂತ ಮೊದಲು ಬಿತ್ತು. ಗಾಯದ್ದನ್ನು ಒತ್ತುವಷ್ಟರಲ್ಲಿ ಕರೆಂಟು ಹೋಗಿ ನನ್ನ ವೈಫೈ ಸತ್ತಿತು. ಅದು ಅವನ ಪಾಲಾಯಿತು. ಎರಡೂ ಡಬ್ಬಿ ಒಂದೇ ದಿನ ಹೊಸಪೇಟೆಯ ಕೊರಿಯರ್ ಆಫೀಸಿಗೆ ಬಂದವು. ಇಬ್ಬರೂ ಹೋಗಿ ಬಿಡಿಸಿಕೊಂಡೆವು. ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣಿ-ಮಿರ್ಚಿ ತಿಂದು, ತಮ್ಮ ತಮ್ಮ ಡಬ್ಬಿಯನ್ನು ಎದೆಗವಚಿಕೊಂಡು, ಇನ್ನೊಬ್ಬರ ಡಬ್ಬಿಯನ್ನು ಓರೆಗಣ್ಣಿನಿಂದ ನೋಡುತ್ತ ಬೀಳ್ಕೊಂಡೆವು. ಆಮೇಲೆ ಅದಲು ಬದಲು ಮಾಡುವ ಮಾತು ಎಷ್ಟೋ ಸಲ ಬಂತು. ಇಬ್ಬರಿಗೂ ಎರಡೂ ಬೇಕಿತ್ತು, ಹಾಗಾಗಿ ಏನೂ ಆಗಲಿಲ್ಲ.

ಕಳೆದ ಮಳೆಗಾಲದಲ್ಲಿ ಗುರುರಾಜ ಮಲಗಿದ. ಲಿವರ್ ಕೆಟ್ಟಿತ್ತು. ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಬಳ್ಳಾರಿಯ ಆಸ್ಪತ್ರೆಯಿಂದ ಒಂದು ಮಧ್ಯಾಹ್ನ ಫೋನ್ ಮಾಡಿದ. ದನಿ ಬಾವಿಯೊಳಗಿಂದ ಬಂದಂತಿತ್ತು.

“ಲೇ ಪ್ರಾಣ್ಯಾ, ಒಂದು ಮಾತು ಕೇಳ್ತೀನಿ. ನಾಳೆ ಮನಿಗೆ ಕಳಸ್ತಾರ. ಆ ನಗೋ ಗಗನಭಟನ್ನ ಎರಡು ದಿನದ ಮಟ್ಟಿಗೆ ಕೊಡೋ. ಹನ್ನೆರಡೂ ಒಂದ ಸಾಲಿನ್ಯಾಗ ಇಟ್ಟು ಒಮ್ಮಿ ನೋಡ್ತೀನಿ. ವಾಪಸ್ ಕೊಡ್ತೀನಲೇ, ಆಣಿ ಮಾಡಿ ಹೇಳ್ತೀನಿ.”

ಕೊಡಬಹುದಿತ್ತು. ಕಾರಿನಲ್ಲಿ ಒಂದು ಗಂಟೆಯ ದಾರಿ. ಆದರೆ ನನ್ನ ಕಣ್ಣಿಗೆ ಬಂದಿದ್ದು ಡಬ್ಬಿಯ ಮೂಲೆ. ಮಳೆಯ ತೇವಕ್ಕೆ ರಟ್ಟು ಉಬ್ಬುತ್ತದೆ. ಮೂಲೆ ಮಡಚಿದರೆ ಮುಗಿಯಿತು.

“ಮಳಿಗಾಲ ಕಳೀಲೋ, ನಾನ ತಂದು ಕೊಡ್ತೀನಿ,” ಎಂದೆ.

ಅವನು, “ಆತೋಪಾ, ಮಳಿಗಾಲ ಕಳೀಲಿ,” ಎಂದು ಫೋನ್ ಇಟ್ಟ.

ಮಳೆಗಾಲ ಕಳೆಯಲಿಲ್ಲ. ಗುರುರಾಜ ಕಳೆದುಹೋದ.

ಸುದ್ದಿ ಬಂದ ಕೂಡಲೇ ನಮ್ಮ ಗಗನಭಟ ಅಭಿಮಾನಿಗಳ ವಾಟ್ಸಾಪ್ ಗುಂಪಿನ ತುಂಬ ಕೈ ಮುಗಿದ ಚಿತ್ರಗಳು. ಓಂ ಶಾಂತಿ, ಓಂ ಶಾಂತಿ. ನಾನು ಕನ್ನಡಕ ಒರೆಸಿಕೊಂಡೆ. ಅಷ್ಟರಲ್ಲಿ ದೋಣಿಮಲೈ ಕ್ವಾರ್ಟರ್ಸಿನಲ್ಲಿರುವ ಬಸವರಾಜನಿಂದ ನನಗೊಬ್ಬನಿಗೇ ಒಂದು ಮೆಸೇಜು ಬಂತು. ಅವನೂ ನಮ್ಮ ಪಂಥದವನೇ, ವಯಸ್ಸಿನಲ್ಲಿ ಚಿಕ್ಕವನು, ಆಸೆಯಲ್ಲಿ ಹಿರಿಯ. ‘ಸರ, ಭಾಳ ಬ್ಯಾಸರ ಆತ್ರಿ. ಗಾಯದ್ದು ಈಗ ಯಾರಿಗೆ ಹೋಗತೈತ್ರಿ?’ ಎಂದು ಬರೆದಿದ್ದ.

ನನಗೆ ಕೆಂಡದಂಥ ಸಿಟ್ಟು ಬಂತು. ಮನುಷ್ಯತ್ವ ಎಂಬುದು ಬೇಡವೇ? ಹೆಣ ಇನ್ನೂ ಮನೆಯಲ್ಲಿದೆ! ಸಿಟ್ಟು ಇಳಿದ ಮೇಲೆ ಯೋಚಿಸಿದರೆ, ನನ್ನನ್ನು ಕಾಡುತ್ತಿದ್ದದ್ದು ಅವನ ಪ್ರಶ್ನೆಯಲ್ಲ, ನನಗಿಂತ ಮೊದಲು ಅವನು ಕೇಳಿದ್ದು. ಹತ್ತನೇ ದಿನ ಕಂಪ್ಲಿಗೆ ಹೋಗಲೇಬೇಕೆಂದು ಅಂದೇ ನಿಶ್ಚಯಿಸಿದೆ.

ಕಮಲಾಪುರ ದಾಟಿ ಬಾಳೆಯ ತೋಟಗಳ ನಡುವೆ ಕಾರು ಹೋಗುವಾಗ ವಿದ್ಯಾ ಹೇಳಿದಳು. ಮೂರನೇ ದಿನವೇ ಅವಳೊಬ್ಬಳೇ ಬಸ್ಸಿನಲ್ಲಿ ಹೋಗಿ ಸುಧಾಳನ್ನು ಕಂಡು ಬಂದಿದ್ದಳು. ನನಗೆ ಆವತ್ತು ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಇರಲಿಲ್ಲವೆಂದರೂ ನಡೆಯುತ್ತದೆ.

“ಸುಧಾ ನೆಟ್ಟಗ ಉಣ್ಣವಲ್ಳು. ಬಂದೋರಿಗೆಲ್ಲಾ ಒಂದ ಮಾತು ಕೇಳ್ತಾಳ, ‘ಅವರು ಏನರ ಮನಸಿನ್ಯಾಗ ಇಟಗೊಂಡು ಹೋದ್ರೇನು’ ಅಂತ. ಇವತ್ತು ಕಾಗಿ ಪಿಂಡ ಮುಟ್ಟಿದ್ರ ಸಾಕು, ಆಕಿ ಜೀವಕ್ಕ ಸಮಾಧಾನ. ಮಕ್ಕಳಿಲ್ಲ ಮರಿಯಿಲ್ಲ, ಆಕಿಗೆ ಇನ್ನೇನದ ಹೇಳ್ರಿ.”

“ಮುಟ್ತದ ಬಿಡು. ಕಂಪ್ಲಿ ಕಾಗಿ ಯಾವಾಗ ಬ್ಯಾಡ ಅಂದಾವ?” ಎಂದೆ. ಕೆಮಿಸ್ಟ್ರಿ ಮೇಷ್ಟ್ರ ನಗೆ ನಕ್ಕೆ.

ವಿದ್ಯಾ ನಗಲಿಲ್ಲ. ಕಿಟಕಿಯ ಹೊರಗೆ ನೋಡಿದಳು.

ಹೊಳೆಯ ದಂಡೆಗೆ ಹೋದರೆ ನನಗಿಂತ ಮೊದಲೇ ಬಸವರಾಜ ಹಾಜರ್! ನನಗಿಂತ ಬಿಳಿಯ ಅಂಗಿ. ನನಗಿಂತ ದೊಡ್ಡ ಚೀಲ! ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿಕ್ಕಿದೆವು. ಬಿಕ್ಕುತ್ತಲೇ ಅವನು ನನ್ನ ಕಿವಿಯಲ್ಲಿ, “ಸರ, ನೀವು ಚೀಲ ತಂದಿಲ್ಲೇನ್ರಿ?” ಎಂದ. “ಡಿಕ್ಕಿಯೊಳಗ ಐತಿ,” ಎಂದೆ ನಾನೂ ಬಿಕ್ಕುತ್ತ.

ಕರ್ಮ ಹಿಡಿದವನು ಗುರುರಾಜನ ತಮ್ಮ ಶ್ರೀಪಾದ. ಮಂತ್ರ ಹೇಳುತ್ತಿದ್ದ ಆಚಾರ್ಯರು ಬೆವರುತ್ತಿದ್ದರು. ಹೆಂಗಸರು ದೂರದಲ್ಲಿ ಬೇವಿನ ಮರದ ಕೆಳಗೆ ಕೂತಿದ್ದರು. ಅವರ ನಡುವೆ ಸುಧಾ. ಮುಖದಲ್ಲಿ ರಕ್ತವೇ ಇರಲಿಲ್ಲ. ಬಂಡೆಯ ಮೇಲೆ ಪಿಂಡ ಇಟ್ಟು, ನೀರು ಬಿಟ್ಟು, ಎಲ್ಲರೂ ಹಿಂದೆ ಸರಿದೆವು.

ಮರದ ತುಂಬ ಕಾಗೆಗಳು. ವಿದ್ಯುತ್ ತಂತಿಯ ಮೇಲೂ ಸಾಲಾಗಿ ಕಾಗೆಗಳು. ಒಂದೂ ಇಳಿಯಲಿಲ್ಲ. ಕತ್ತು ಕೊಂಕಿಸಿ ಪಿಂಡವನ್ನು ನೋಡುತ್ತವೆ, ನಮ್ಮನ್ನು ನೋಡುತ್ತವೆ, ಕೂತಲ್ಲೇ ಕೂತಿರುತ್ತವೆ. ಬಿಸಿಲು ಏರಿತು.

ಆಚಾರ್ಯರು, “ಮನಸಿನ್ಯಾಗ ಏನೋ ಅದ. ಯಾರಿಗರ ಗೊತ್ತಿದ್ರ ಮಾತು ಕೊಡ್ರಿ,” ಎಂದರು.

ಶ್ರೀಪಾದ ಕೈ ಮುಗಿದ. “ಅಣ್ಣಾ, ಅತ್ತಿಗಿನ್ನ ತಾಯಿ ಹಂಗ ನೋಡಕೋತೀನಿ.” ಕಾಗೆ ಬರಲಿಲ್ಲ. “ಅಂಗಡಿ ಮುಚ್ಚಂಗಿಲ್ಲ, ನಾನ ನಡಸ್ತೀನಿ.” ಬರಲಿಲ್ಲ. ಬೇವಿನ ಕೆಳಗೆ ಯಾರೋ ಬಿಕ್ಕಿದರು.

ಆಗ ಬಸವರಾಜ ಮುಂದೆ ನುಗ್ಗಿದ! ಎರಡೂ ಕೈ ಎತ್ತಿ, “ಗುರಣ್ಣಾ, ನಿನ್ನ ಗೊಂಬಿ ಚಿಂತಿ ಮಾಡಬ್ಯಾಡ. ಎಲ್ಲಾ ನಾ ಒಯ್ದು ಜ್ವಾಕಿ ಮಾಡ್ತೀನಿ!” ಎಂದು ಕೂಗಿದ.

ಕೆಳಗಿನ ಕೊಂಬೆಯಲ್ಲಿದ್ದ ಕಾಗೆ ಮೇಲಿನ ಕೊಂಬೆಗೆ ಹೋಯಿತು.

ಅಲ್ಲಿ ನಾನು ಸುಮ್ಮನಿರಬೇಕಿತ್ತು. ಇಷ್ಟು ಓದಿದವನು, ಇಷ್ಟು ವಯಸ್ಸಾದವನು, ಬಿಳಿ ಅಂಗಿಯವನು. ಆದರೆ ಗಾಯದ ಗಗನಭಟ ನನ್ನ ಕಣ್ಣೆದುರೇ ದೋಣಿಮಲೈ ಬಸ್ಸು ಹತ್ತುತ್ತಿದ್ದ. ಹೇಗೆ ತಡೆಯಲಿ? “ಬ್ಯಾಡ ಗುರ್ಯಾ! ನಾನು ನೋಡಕೋತೀನಿ! ನಂದು ಗಾಜಿನ ಕಪಾಟು ಐತಿ!” ಎಂದು ಕಿರುಚಿದೆ.

“ನಂದೂ ಗಾಜಿಂದ ಐತ್ರಿ, ಒಳಗ ಲೈಟೂ ಐತಿ!” ಎಂದ ಬಸವರಾಜ.

“ನನ್ನ ಕ್ವಾಣ್ಯಾಗ ದೂಳು ಬರಂಗಿಲ್ಲ! ಟೇಪು ಹಚ್ಚೀನಿ!”

“ನಂದು ಏಸಿ ರೂಮ್!”

ರೆಕ್ಕೆ ಬಡಿದ ಸದ್ದಾಯಿತು. ಮರದ ಮೇಲಿನವು, ತಂತಿಯ ಮೇಲಿನವು, ಇದ್ದಬದ್ದ ಕಾಗೆಗಳೆಲ್ಲ ಎದ್ದು ಹೊಳೆ ದಾಟಿ ಆಚೆ ದಂಡೆಗೆ ಹೋದವು. ಆಕಾಶ ಖಾಲಿ. ದಂಡೆಯ ಮೇಲೆ ಉಳಿದದ್ದು ಒಂದು ಪಿಂಡ, ಇಬ್ಬರು ಹರಾಜುಗಾರರು.

“ಇದೇನು ಸಂತಿ ಏನ್ರಿ?” ಎಂದು ಆಚಾರ್ಯರು ಗುಡುಗಿದರು. “ನಾಚಿಕಿ ಆಗಂಗಿಲ್ಲೇನ್ರಿ ನಿಮಗ!”

ಆಗುತ್ತಿತ್ತು. ಆದರೆ ಆಗಲೂ ಗಾಯದ್ದೇ ಕಣ್ಣ ಮುಂದಿತ್ತು.

ಸುಧಾ ಎದ್ದು ಬಂದಳು. ಯಾರ ತಡೆಗೂ ನಿಲ್ಲಲಿಲ್ಲ. ನೇರವಾಗಿ ನನ್ನ ಎದುರಿಗೆ ನಿಂತಳು.

“ಪ್ರಾಣೇಶಣ್ಣಾ, ದವಾಖಾನ್ಯಾಗಿಂದ ನಿಮಗ ಫೋನ್ ಮಾಡಿದ್ರಲ್ಲ. ಇಟ್ಟ ಮ್ಯಾಲ ಗ್ವಾಡಿ ಕಡೆ ಮುಖ ಮಾಡಿ ಮಲಗಿಬಿಟ್ರು. ಸಂಜಿ ತನಕ ಮಾತಾಡ್ಲಿಲ್ಲ. ಏನಾತ್ರಿ ಅಂದ್ರ, ‘ಮಳಿಗಾಲ ಕಳೀಲಿ’ ಅಂದ್ರು. ಅಷ್ಟ. ಏನು ಕೇಳಿದ್ರಣ್ಣಾ ಅವರು?”

ದಂಡೆಯ ಮೇಲಿದ್ದವರೆಲ್ಲರ ಮುಖ ನನ್ನ ಕಡೆ ತಿರುಗಿತು. ಇಡೀ ಜೀವಮಾನದಲ್ಲಿ ನನ್ನ ಯಾವ ಕ್ಲಾಸೂ ಅಷ್ಟು ನಿಶ್ಶಬ್ದವಾಗಿರಲಿಲ್ಲ.

“ನಗೋ ಗಗನಭಟನ್ನ ಕೇಳಿದ್ದ, ಹನ್ನೆರಡೂ ಸಾಲಿಗಿಟ್ಟು ಒಮ್ಮಿ ನೋಡಾಕ,” ಎಂದೆ.

“ಹಂಗಂದ್ರ?” ಆಚಾರ್ಯರು ಕೇಳಿದರು.

“ಗೊಂಬಿ ರೀ.”

“ಬಂಗಾರದ್ದೇನು?”

“ಅಲ್ರಿ. ಪ್ಲಾಸ್ಟಿಕ್ಕಿಂದು. ಇಷ್ಟುದ್ದ.” ಗೇಣು ಹಾಕಿ ತೋರಿಸಿದೆ. ಗೇಣು ಅಷ್ಟು ಚಿಕ್ಕದಿರುತ್ತದೆ ಎಂಬುದು ನನಗೆ ಆವತ್ತೇ ತಿಳಿದದ್ದು.

“ಸಾಯೋ ಮನಷಾ ಒಂದು ಪ್ಲಾಸ್ಟಿಕ್ ಗೊಂಬಿ ಕೇಳಿದ್ರ, ನೀವು ಮಳಿಗಾಲ ಕಳೀಲಿ ಅಂದ್ರಿ?” ಶ್ರೀಪಾದ ಕೇಳಿದ. ಸಿಟ್ಟಿನಿಂದಲ್ಲ. ಅರ್ಥವಾಗದೆ ಕೇಳಿದ. ಸಿಟ್ಟಿನಿಂದ ಕೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಈಗರ ಕೊಡ್ತೀನಿ ಅನ್ರಿ,” ಎಂದರು ಆಚಾರ್ಯರು. “ಹೊಳಿಗೆ ಮುಖ ಮಾಡಿ ಮಾತು ಕೊಡ್ರಿ.”

ಹೊಳೆಗೆ ಮುಖ ಮಾಡಿದೆ. ಕೈ ಮುಗಿದೆ. ಬಾಯಿ ತೆರೆದೆ. ಕೊನೆಗೆ ಹೊರಟಿದ್ದು ಇದು: “ಗುರ್ಯಾ, ಕೊಡ್ತೀನೋ. ಆದ್ರ ಯಾರೂ ಸೀಲು ಒಡೆಯಂಗಿಲ್ಲ!”

ಸತ್ತವನಿಗೂ ಷರತ್ತು ಹಾಕಿದ ಮೊದಲ ಮನುಷ್ಯ ನಾನೇ ಇರಬೇಕು. ಆಚೆ ದಂಡೆಯಲ್ಲಿ ಒಂದು ಕಾಗೆ ಕೂಗಿತು. ಬರಲಿಲ್ಲ.

ಅಷ್ಟರಲ್ಲಿ ವಿದ್ಯಾ ಕಾರಿನ ಕಡೆಯಿಂದ ಬರುತ್ತಿದ್ದಳು. ಕೈಯಲ್ಲಿ ನನ್ನ ಚೀಲ. ಗುಳ್ಳೆ ಪ್ಲಾಸ್ಟಿಕ್ ಬಿಚ್ಚಿ ಮರಳಿಗೆಸೆದಳು. ಒಳಗಿನಿಂದ ಹೊರಬಂದದ್ದು ಹಣ್ಣಲ್ಲ, ಡಬ್ಬಿ. ನನ್ನದೇ ಡಬ್ಬಿ! ಮೇಲೆ ನಗುವ ಗಗನಭಟನ ಚಿತ್ರ.

“ಮೂರನೇ ದಿನ ಸುಧಾ ಆ ಫೋನಿನ ಮಾತು ನನಗೂ ಹೇಳಿದ್ಳು,” ಎಂದಳು. “ಏನು ಕೇಳಿರಬೇಕು ಅಂತ ನನಗ ಆವಾಗಲೇ ತಿಳೀತು. ನೀವ ಬಾಯಿ ಬಿಟ್ಟು ಹೇಳ್ತೀರೇನೋ ಅಂತ ಕಾದೆ. ಹಿಡೀರಿ. ನಿಮ್ಮ ಕೈಲೇ ಇಡ್ರಿ.”

ಡಬ್ಬಿಯನ್ನು ಪಿಂಡದ ಪಕ್ಕ ಇಟ್ಟೆ. ಬಂಡೆ ಒದ್ದೆಯಿತ್ತು. ರಟ್ಟಿನ ತಳ ನೀರು ಹೀರುವುದು ನನಗೆ ಕಣ್ಣಿಗೆ ಕಾಣುತ್ತಿತ್ತು. ಕೆಳಗೆ ಕರವಸ್ತ್ರ ಹಾಸಲೇ ಎಂದು ಯೋಚಿಸಿದೆ. ವಿದ್ಯಾ ನನ್ನನ್ನು ನೋಡುತ್ತಿದ್ದಳು, ಹಾಸಲಿಲ್ಲ.

“ತೆಗೀರಣ್ಣಾ,” ಎಂದಳು ಸುಧಾ. “ಅವರು ನೋಡ್ತೀನಿ ಅಂದಿದ್ರಲ್ಲ? ಡಬ್ಬಿ ಒಳಗಿದ್ರ ಹೆಂಗ ನೋಡ್ತಾರ?”

ಉಗುರಿನಿಂದ ಸೀಲು ಕಿತ್ತೆ. ಅದು ಬಿಡುವಾಗ ಚರ್ಮ ಸುಲಿದಷ್ಟು ಸಂಕಟವಾಯಿತು. ರಟ್ಟು ಹರಿಯಿತು. ಒಳಗೆ ಕೈ ಹಾಕಿ ಗೊಂಬೆಯನ್ನು ಹೊರಗೆ ಎತ್ತಿದೆ.

ಕೆನ್ನೆಗೆ ಗೀರು. ಹಣೆಗೆ ಪಟ್ಟಿ. ಬಿಗಿದ ತುಟಿ.

ಯಾರಿಗೂ ಏನೂ ತಿಳಿಯಲಿಲ್ಲ. “ನಗವಲ್ಲದಲ್ಲ ಇದು?” ಎಂದರು ಆಚಾರ್ಯರು.

ಬಸವರಾಜ ಮಾತ್ರ ಚೀತ್ಕಾರ ಮಾಡಿದ. “ಸರ! ಇದು ಗಾಯದ್ದು! ಡಬ್ಬಿ ನಗೋದು, ಒಳಗ ಗಾಯದ್ದು! ನಿಮ್ಮಿಬ್ಬರವೂ ಒಂದ ದಿನ ಬಂದಿದ್ವಲ್ರಿ... ಹಂಗಾದ್ರ ಗುರಣ್ಣನ ಡಬ್ಬಿಯೊಳಗ...”

ಮುಂದಿನದು ನನಗೆ ಬೇಡವಾಗಿತ್ತು.

ಕಾಗೆಯ ಆಸೆ ಬಿಟ್ಟು ಆಚಾರ್ಯರು ದರ್ಭೆಯಲ್ಲೇ ಒಂದು ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು. ಶಾಸ್ತ್ರಕ್ಕೆ ಅಷ್ಟು ಸಾಕು. ಸುಧಾಗೆ ಸಾಕಾಗಲಿಲ್ಲ ಎಂಬುದು ಅವಳ ಮುಖ ನೋಡಿದವರಿಗೆಲ್ಲ ತಿಳಿಯುತ್ತಿತ್ತು. ನೇರ ಮನೆಗೆ ನಡೆದಳು. ಸ್ನಾನ ಮಾಡಿದವಳೇ ಗುರುರಾಜನ ಕಪಾಟಿನ ಬಾಗಿಲು ತೆರೆದು, ಗಾಯದ ಗಗನಭಟನ ಚಿತ್ರವಿದ್ದ ಡಬ್ಬಿಯನ್ನು ಹೊರಗೆಳೆದಳು. ಅಡುಗೆ ಮನೆಯಿಂದ ತರಕಾರಿ ಹೆಚ್ಚುವ ಚಾಕು ತಂದು ಸೀಲು ಸೀಳಿದಳು.

ಒಳಗಿನಿಂದ ಹೊರಬಂದವನು ನಗುತ್ತಿದ್ದ.

ಬಾಯಿ ತುಂಬ ನಗು. ಯಾರೋ ಕುತ್ತಿಗೆ ಹಿಸುಕಿ ನಗಿಸಿದಂಥ ನಗು! ಇದಕ್ಕಾಗಿಯೇ ನಾವು ಇಷ್ಟು ವರ್ಷ ಒಬ್ಬರನ್ನೊಬ್ಬರು ಸಂಶಯದಿಂದ ನೋಡಿದ್ದು.

ಸುಧಾ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. “ದಿನಾ ಮುಂಜಾನಿ ಎದ್ದು ಈ ಡಬ್ಬಿ ಒರಸ್ತಿದ್ರು,” ಎಂದಳು. “ಒರಸಿ ಒರಸಿ ಇಡ್ತಿದ್ರು. ಇಲ್ಲೇ ಇತ್ತಲ್ಲೋ ಹುಚ್ಚಪ್ಪಾ! ನಿನ್ನ ಕಪಾಟಿನ್ಯಾಗ ಇಟಗೊಂಡು ಮಂದಿ ಮುಂದ ಕೈ ಚಾಚಿದ್ಯಲ್ಲೋ!” ಬದುಕಿದ್ದಾಗ ಗಂಡನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ. ಗೋಡೆಗೆ ಒರಗಿ ಕುಸಿದು ಅತ್ತಳು. ಹತ್ತು ದಿನದಿಂದ ಒಳಗೇ ಇದ್ದ ಅಳು.

ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಆವತ್ತು ಕಾರು ತಂದು, ಇಬ್ಬರೂ ಕೂತು, ಎರಡು ಡಬ್ಬಿ ಒಡೆದಿದ್ದರೆ ಮುಗಿಯುತ್ತಿತ್ತು. ಅವನು ನೋಡುತ್ತಿದ್ದ. ನಗುತ್ತಲೂ ಇದ್ದ. ಬಹುಶಃ ನನಗೆ ಎರಡು ಬೈಯುತ್ತಲೂ ಇದ್ದ.

ಸುಧಾ ಕಣ್ಣೊರೆಸಿಕೊಂಡು ಎದ್ದಳು. ಮತ್ತೆ ಚಾಕು ತೆಗೆದುಕೊಂಡು ಉಳಿದ ಡಬ್ಬಿಗಳನ್ನೂ ಒಂದೊಂದಾಗಿ ಕುಯ್ಯತೊಡಗಿದಳು. ಕುಳಿತವನು ಹೊರಬಂದ. ನೆನೆದವನು ಹೊರಬಂದ. ಹಾರುವವನಿಗೆ ಎರಡೂ ಕೈ ಎಡಗೈ.

“ಅಕ್ಕಾ, ಸಾಕ್ರೀ! ಬೆಲಿ ಹೋಗತೈತ್ರಿ!” ಬಸವರಾಜ ಬಾಗಿಲ ಚೌಕಟ್ಟು ಹಿಡಿದು ಗೋಗರೆದ.

ಅವಳು ನಿಲ್ಲಿಸಲಿಲ್ಲ. ಗೊಂಬೆಗಳನ್ನು ಹಿತ್ತಲಿನ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ನನ್ನ ಕೈಯಲ್ಲಿದ್ದ ಗಾಯದವನನ್ನೂ ಇಸಿದುಕೊಂಡು ಸಾಲಿಗೆ ಸೇರಿಸಿದಳು. ಹನ್ನೆರಡು. ಕೊನೆಯವನು ನಗುತ್ತಿದ್ದ. ಮುಂದೆ ಬಾಳೆ ಎಲೆಯ ಮೇಲೆ ಒಂದು ಹಿಡಿ ಅನ್ನವಿಟ್ಟು, “ನೋಡಕೋ,” ಎಂದಳು. ಅಷ್ಟೇ.

ಅವಳು ತಿರುಗುವುದರೊಳಗೆ ಕಾಗೆ ಬಂದಿತ್ತು.

ಅದಕ್ಕೆ ಹಸಿವಾಗಿತ್ತು, ಅನ್ನ ಕಂಡಿತು, ಬಂತು ಎಂದು ಕೆಮಿಸ್ಟ್ರಿ ಮೇಷ್ಟ್ರಾದ ನಾನು ಹೇಳಬಹುದಿತ್ತು. ಹೇಳಲಿಲ್ಲ. ಸುಧಾ ಅದು ತಿಂದು ಹಾರುವವರೆಗೂ ನಿಂತು ನೋಡಿದಳು. ಆಮೇಲೆ ವಿದ್ಯಾಳ ಕಡೆ ತಿರುಗಿ, “ಅಕ್ಕಾ, ಭಾಳ ಹಸಿವಾಗ್ಯದ. ಒಂದೆರಡು ತುತ್ತು ಹಾಕ್ರಿ,” ಎಂದಳು.

ನಾವು ಹೊರಡುವಾಗ ಸುಧಾ ಗಾಯದವನನ್ನು ತಂದು ನನಗೆ ಕೊಟ್ಟಳು. “ನಿಮ್ಮದು ತೊಗೊಳ್ರಿ ಅಣ್ಣಾ.” ಆಮೇಲೆ ಹರಿದ ಖಾಲಿ ಡಬ್ಬಿಗಳ ರಾಶಿಯನ್ನು ನನ್ನ ಮತ್ತು ಬಸವರಾಜನ ಮುಂದೆ ಸರಿಸಿದಳು. “ಇವನ್ನೂ ತೊಗೊಂಡು ಹೋಗ್ರಿ. ನಿಮಗ ಬೇಕಾಗಿದ್ದು ಡಬ್ಬಿ ಅಲ್ಲೇನು?”

ಅವಳು ಚುಚ್ಚಿ ಆಡಿದ್ದೋ, ನಿಜವಾಗಿಯೂ ಹಾಗೆ ತಿಳಿದು ಹೇಳಿದ್ದೋ ಗೊತ್ತಾಗಲಿಲ್ಲ. ಮಾನ ಇದ್ದವರು ಕೈ ಮುಗಿದು ಬರಿಗೈಯಲ್ಲಿ ಬರುತ್ತಿದ್ದರು. ಬಸವರಾಜ ರಟ್ಟುಗಳನ್ನು ಮಡಚಿ ಚೀಲ ತುಂಬಿಸಿದ. ಛೀ, ಎಂಥ ಮನುಷ್ಯ!

ನಾನು ಒಂದೇ ಒಂದು ತೆಗೆದುಕೊಂಡೆ. ಗಾಯದ ಗಗನಭಟನ ಡಬ್ಬಿ.

ಮನೆಗೆ ಬಂದು ಗಾಯದವನನ್ನು ಗಾಯದ ಡಬ್ಬಿಯಲ್ಲಿಟ್ಟು, ಹರಿದ ಕಡೆ ನೀಟಾಗಿ ಟೇಪು ಹಚ್ಚಿದೆ. ಸ್ವಲ್ಪ ದೂರ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ನಗುವವನು ಈಗ ಕಂಪ್ಲಿಯಲ್ಲಿ ಗುರುರಾಜನ ಫೋಟೋದ ಪಕ್ಕದಲ್ಲಿದ್ದಾನೆ. ಸುಧಾ ದಿನಾ ಒರೆಸುತ್ತಾಳಂತೆ, ಡಬ್ಬಿಯನ್ನಲ್ಲ, ಗೊಂಬೆಯನ್ನು.

ಮೊನ್ನೆ ವಿದ್ಯಾ ನನ್ನ ಗಾಜಿನ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಚಾಕು ತಂದು ನನ್ನ ಮುಂದೆ ಹಿಡಿದಳು.

“ಉಳಿದ ಹತ್ತರೊಳಗ ಏನದನೋ ಯಾರಿಗೆ ಗೊತ್ತು. ನಡೀರಿ, ಇಬ್ಬರೂ ಕೂತು ಒಂದೊಂದ ತೆಗೆದು ನೋಡೋಣ. ನಾಳೆ ನಾನು ಹೊಳಿ ದಂಡಿ ಮ್ಯಾಲ ನಿಂತು ಕಾಗಿಗೆ ಏನಂತ ಹೇಳ್ಲಿ?”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಾನು ಚಾಕುವನ್ನು ನೋಡಿದೆ. ಕಪಾಟನ್ನು ನೋಡಿದೆ. ಸೀಲುಗಳು ಹೊಳೆಯುತ್ತಿದ್ದವು, ಒಂದು ಮೂಲೆಯೂ ಮಡಚಿರಲಿಲ್ಲ. ಗುರುರಾಜನೂ ನೆನಪಾದ, ಗೋಡೆಯ ಕಡೆ ಮುಖ ಮಾಡಿ ಮಲಗಿದ ಗುರುರಾಜ. ಎಲ್ಲ ನೆನಪಾದ ಮೇಲೆಯೇ ನಾನು ಬಾಯಿ ತೆರೆದದ್ದು.

“ಮಳಿಗಾಲ ಕಳೀಲಿ,” ಎಂದೆ.

ವಿದ್ಯಾ ಚಾಕು ತೆಗೆದುಕೊಂಡು ಅಡುಗೆ ಮನೆಗೆ ಹೋದಳು. ಸಂಕ್ರಾಂತಿ ಕಳೆದು ಆಗಲೇ ಎರಡು ವಾರವಾಗಿತ್ತು.